ಇನ್ನೂ ಬೆಂದಿಲ್ಲ

ಪಣಜಿಯ ಆ ಎಸಿ ಕೋಣೆಯಲ್ಲಿ
ಗಾಜಿನಾಚೆ ಕೂತ ಹುಡುಗ ಒಳ್ಳೆಯವನೇ,
ಆದರೆ ಗಂಟೆಗೆ ಸಾವಿರದ ಐನೂರು.
ಲುಸಿಂದಾ ಕೆಮ್ಮಿದರೆ ಇಪ್ಪತ್ತೈದು ರೂಪಾಯಿ,
ನನ್ನ ಕೋಲು ಜಾರಿ ಬಿದ್ದರೆ ಐವತ್ತು,
ಏವರಿಸ್ತೊ ಉಚ್ಚೆಗೆ ಹೋಗಿ ಬಂದರೆ ನೂರಾ ಎಪ್ಪತ್ತೈದು.
ವಾಸ್ಕೋದ ಕಿರಾಣಿ ಅಂಗಡಿಯಲ್ಲಿ ಬೆಳೆದವನು ನಾನು,
ಲೆಕ್ಕ ತಾನಾಗಿ ಓಡುತ್ತದೆ ತಲೆಯಲ್ಲಿ
ತಾಳಕ್ಕಿಂತ ಮುಂದೆ.

ನಮ್ಮ ಎರಡನೇ ಆಲ್ಬಮ್ಮಿನ ನಾಲ್ಕನೇ ಹಾಡು ಕೇಳಿ:
ಎಲ್ಲರೂ ಕೊನೆಯ ಬಸ್ಸು ಹಿಡಿಯುವವರ ಹಾಗೆ.
ಆ ಅವಸರವನ್ನೇ ಜನ ಹುರುಪು ಅಂದುಕೊಂಡರು.
ಇಪ್ಪತ್ತೆರಡು ವರ್ಷ, ಮದುವೆ, ಫೆಸ್ತ್, ಹೊಸ ವರ್ಷದ ದೋಣಿ,
ಆ ಹುರುಪಿನಲ್ಲೇ ಹೊಟ್ಟೆ ಹೊರೆದೆವು.

ಆಮೇಲೆ ರಾಯದ ಈ ಬೇಕರಿ.
ಪಾವ್ ಸುಡುತ್ತಿದ್ದವನು ತೀರಿಕೊಂಡ ಮೇಲೆ
ಅವನ ಹೆಂಡತಿ ಪಿಯೆದಾದ್ ನಮಗೆ ಮಾರಿದಳು.
ಒಂದೇ ಶರತ್ತು: ಒಲೆ ಒಡೆಯಬಾರದು.
ಒಡೆಯಲಿಲ್ಲ. ಜಂಬಿಟ್ಟಿಗೆಯ ದಪ್ಪ ಗೋಡೆ,
ಒಲೆಯ ಹೊಟ್ಟೆಯೊಳಗೆ ಈಗ ಮೈಕು.
ಲುಸಿಂದಾ ಬಗ್ಗಿ ಹಾಡಿದರೆ
ದನಿ ಒಳಗೊಂದು ಸುತ್ತು ಹಾಕಿ
ಬೆಚ್ಚಗಾಗಿ ಹೊರಬರುತ್ತದೆ.
ನಾನು ಜೋರಾಗಿ ಬಡಿದರೆ ಜಂತೆಯಿಂದ
ನಲವತ್ತು ವರ್ಷದ ಹಿಟ್ಟು
ಸಣ್ಣಗೆ ಉದುರುತ್ತದೆ ಡ್ರಮ್ಮಿನ ಮೇಲೆ.
ಒರೆಸುವುದು ಬಿಟ್ಟಿದ್ದೇನೆ.

ಸ್ವಂತದ್ದು ಅಂದರೆ ಸೋರುವ ಹೆಂಚೂ ಸ್ವಂತದ್ದೇ.
ಪ್ರತಿ ತಿಂಗಳ ಐದಕ್ಕೆ ಬ್ಯಾಂಕಿನ ಕಂತು,
ಇನ್ವರ್ಟರು ಕೈಕೊಟ್ಟರೆ
ಬಯ್ಯಲು ಬೇರೆ ಮಾಲೀಕನಿಲ್ಲ.
ಮೊದಲ ಏಳು ತಿಂಗಳು ಒಂದೇ ಹಾಡು,
ಅರವತ್ತಮೂರು ಸಲ ಹಿಡಿದೆವು, ಬಿಟ್ಟೆವು.
ನನಗೆ ರೇಗಿತು.
'ಮೀಟರಾದರೂ ಇದ್ದಿದ್ದರೆ!' ಅಂದೂಬಿಟ್ಟೆ.
ಯಾರೂ ಮಾತಾಡಲಿಲ್ಲ.

ಪುಂಡಲೀಕನ ಕೈ ನೋಡಿದ್ದು ಆಗ.
ಬಲಗೈ, ತಂತಿ ಮೀಟುವ ಕೈ.
ಹೆಬ್ಬೆರಳು, ಆಮೇಲೆ ಮಣಿಕಟ್ಟು,
ಕಪ್ಪಿನೊಳಗಿನ ಚಹಾ ತಾನೇ ಕುಣಿಯುತ್ತಿತ್ತು.
ಪಣಜಿಯ ಹುಡುಗ ಎಂದೋ ಹೇಳಿದ್ದನಂತೆ,
'ಚಿಂತೆ ಬೇಡ ಅಂಕಲ್, ಕಂಪ್ಯೂಟರಿನಲ್ಲಿ ಸರಿಮಾಡುತ್ತೇನೆ.'
ಉಳಿದವರಿಗೆಲ್ಲ ಗೊತ್ತಿತ್ತು.
ಲೆಕ್ಕದವನಿಗೆ ಮಾತ್ರ ತಿಳಿದಿರಲಿಲ್ಲ.

ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ
ಕೈ ಸುಮ್ಮನಾಗುತ್ತದೆ, ಒಂದೊಂದು ದಿನ.
ಒಂದೊಂದು ದಿನ ಆಗುವುದಿಲ್ಲ.
ಕಾಯುತ್ತೇವೆ.
ಏವರಿಸ್ತೊ ಬಾಂಗಡೆ ಹುರಿಯುತ್ತಾನೆ,
ಲುಸಿಂದಾ ಮಗಳ ಗಣಿತ ತಿದ್ದುತ್ತಾಳೆ,
ನಾನು ಗೋಡೆಗೊರಗಿ
ಲೆಕ್ಕ ಮಾಡದಿರುವುದನ್ನು ಅಭ್ಯಾಸ ಮಾಡುತ್ತೇನೆ.

ನಿನ್ನೆ ಸಂಜೆ ಕೈ ನಿಂತಿತ್ತು. ಕೆಂಪು ದೀಪ ಹೊತ್ತಿತ್ತು.
ಮೂರು ನಿಮಿಷ, ಒಂದೂ ತಪ್ಪಿಲ್ಲ,
ಕೊನೆಯ ಸುತ್ತಿಗೆ ಬಂದಿದ್ದೆವು,
ಬಾಗಿಲು ಬಡಿದ ಸದ್ದು.
ಆಲ್ಡೀನಾ ಅಜ್ಜಿ, ಬಟ್ಟೆಯ ಚೀಲ ಹಿಡಿದು.
ಬೇಕರಿ ಮುಚ್ಚಿದ್ದು ಅವಳಿಗೆ ದಿನಾ ಮರೆಯುತ್ತದೆ.
'ನಾಲ್ಕು ಪೊಯ್ ಕೊಡು' ಅಂದಳು.

ಪುಂಡಲೀಕ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದ.
'ಇನ್ನೂ ಬೆಂದಿಲ್ಲ ಮಾಯ್,' ಅಂದ,
'ಕೂತುಕೋ.'
ಹಿಂದೆ ಹಿಟ್ಟಿನ ಮೂಟೆಯಿದ್ದ ಜಾಗದಲ್ಲಿ
ಸ್ಪೀಕರಿನ ಮೇಲೆ ಕೂತಳು
ಚೀಲ ಮಡಿಲಲ್ಲಿಟ್ಟುಕೊಂಡು.
ಅವನ ಹೆಬ್ಬೆರಳು ಮತ್ತೆ ಶುರುಮಾಡಿತ್ತು.
ನಾನು ಕೋಲು ಕೆಳಗಿಟ್ಟೆ.
ಹಿಂದಿನ ಅಡುಗೆಮನೆಯಿಂದ
ಬಾಂಗಡೆಯ ವಾಸನೆ ಬರುತ್ತಿತ್ತು.