ಸ್ಕೂಟರು ಬಿಸಿಲಲ್ಲಿ

ಜೋಗಿಮಟ್ಟಿ ರಸ್ತೆಯ ನಮ್ಮ ಮನೆ ಬೇಲಿಗೆ
ಲಂಟಾನ ತಂದು ಊರಿದವರು ನಮ್ಮ ಮಾವ.
ಒಂದೇ ಗೊಂಚಲಲ್ಲಿ ಹಳದಿ, ಕೇಸರಿ, ಗುಲಾಬಿ;
ಮನೆಗೇ ಸೀರೆ ಉಡಿಸಿದ ಹಾಗಾಯ್ತು ಅಂದಿದ್ದರಂತೆ.

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ,
ಇದೇ ನೋಡವ್ವ ಆ ಸೊಪ್ಪು,"
ಅನ್ನುತ್ತಿದ್ದಳು ಆಡು ಹೊಡಕೊಂಡು ಹೋಗುವ ಓಬಕ್ಕ.

ಈ ಜೂನಿನಲ್ಲಿ ಕಿತ್ತೆವು.
ದಾದಾಪೀರ್ ಹಾರೆ ಹಾಕಿದ,
ಕತ್ತರಿ ಹಿಡಿಯುವ ಕೈಯಲ್ಲಿ ನಾನು ಬುಡ ಜಗ್ಗಿದೆ.
ಮೂರು ದಿನ ರವಿಕೆಗೆ ಹುಕ್ಕು ಹಚ್ಚಲು ಬೆರಳು ಬಗ್ಗಲಿಲ್ಲ.
ಸೀಮೆಎಣ್ಣೆಯಂಥ ಆ ವಾಸನೆ
ಗಿರಾಕಿಗಳ ಬಟ್ಟೆಗೂ ಹತ್ತಿತು.
ಎದುರುಮನೆ ಪುಷ್ಪಾವತಿಗೆ ಈಗ
ನಮ್ಮ ಬಚ್ಚಲ ಬಾಗಿಲು ಕಾಣುತ್ತದೆ.
ದಿನಾ ಹೇಳುತ್ತಾಳೆ, ಕಾಣುತ್ತದೆ ಅಂತ.

ನಾಲ್ಕನೇ ಬೆಳಿಗ್ಗೆ ಪಿಕಳಾರ ಬಂತು,
ಬಾಲದಡಿ ಕುಂಕುಮ ಮೆತ್ತಿಕೊಂಡು.
ಬೇಲಿ ಇದ್ದಲ್ಲಿ ಬರೀ ಗಾಳಿ.
ಸ್ಕೂಟರಿನ ಮೇಲಿನ ಬಟ್ಟೆ ತಂತಿಯಲ್ಲಿ ಕೂತು
ಒಮ್ಮೆ ಮಣ್ಣು ನೋಡಿತು, ಒಮ್ಮೆ ನನ್ನ ನೋಡಿತು.
ಲಂಟಾನದ ಕಪ್ಪು ಹಣ್ಣೇ ಅದರ ನಾಷ್ಟಾ,
ಗೊತ್ತಿತ್ತು. ಗೊತ್ತಿದ್ದೇ ಕಿತ್ತಿದ್ದೆ.
ಬಾಳೆಹಣ್ಣು ಇಟ್ಟೆ. ಇರುವೆ ತಿಂದವು.

ಓಬಕ್ಕ ಸುಣ್ಣದ ಡಬ್ಬಿ ತುಂಬ ಬೀಜ ಕೊಟ್ಟಳು:
ಕಾರೆ, ಕವಳೆ, ಬಾರೆ.
"ಹಕ್ಕಿ ಹೊಟ್ಟೆಯಾಗೆ ಹಾದು ಬಂದಿದ್ದರೆ
ಸಲೀಸಾಗಿ ಹುಟ್ಟುತಿದ್ವು.
ನಿನ್ನ ಕೈಯಾಗೆ ನೋಡಾನ."

ಹಾಲಿನ ಪಾಕೀಟಿನಲ್ಲಿ ನಲವತ್ತು ಊರಿದೆ.
ವಾರವಾರ ಟೇಪು ಹಿಡಿದು ಅಳೆದೆ,
ಅಳತೆ ತೆಗೆಯುವುದೊಂದೇ ನನಗೆ ಬರುವುದು.
ಗಣೇಶನ ಹೊತ್ತಿಗೆ ಆರು, ದಸರೆಗೆ ಎರಡು.
ಕವಳೆ ಕಾಯಿ ಬಿಡಲು ಮೂರು ವರ್ಷ ಬೇಕಂತೆ;
ಮೂರು ವರ್ಷ ಉಪವಾಸ ಕೂರು ಅಂತ
ಹಕ್ಕಿಗೆ ಯಾವ ಬಾಯಲ್ಲಿ ಹೇಳಲಿ?

ಆಯುಧಪೂಜೆಗೆ ತೊಳೆಯಲು ಸ್ಕೂಟರು ಸರಿಸಿದರೆ
ಆಯಿಲ್ ಸೋರಿದ ಮಣ್ಣಲ್ಲಿ, ತಂತಿಯ ಕೆಳಗೇ,
ಗೇಣುದ್ದ ಮೂರು ಸಸಿ.
ಎರಡರ ಎಲೆ ತಿಕ್ಕಿದೆ. ಸೀಮೆಎಣ್ಣೆ.
ಮೂರನೆಯದನ್ನು ಚಿವುಟಿದೆ. ಹಾಲು ಬಂತು.
ಕವಳೆ!
ಗುಡ್ಡದಲ್ಲಿ ಎಲ್ಲೋ ತಿಂದು
ಇಲ್ಲಿ ಕೂತು ಹಾಕಿದ್ದು,
ಆ ಎರಡನ್ನು ಹಾಕಿದ ಹಾಗೇ.
ಅದಕ್ಕೆ ಭೇದವಿಲ್ಲ.
ಭೇದ ನನ್ನ ಪಾಲಿನ ಕೆಲಸ:
ಎರಡು ಕಿತ್ತೆ, ಒಂದಕ್ಕೆ ಕಲ್ಲು ಸುತ್ತಿಟ್ಟೆ.

ಸ್ಕೂಟರು ಈಗ ಬೀದಿ ಬಿಸಿಲಲ್ಲಿ.
ಸೀಟು ಕಾದ ಹಂಚು.
ಒದ್ದೆ ಟವೆಲು ಹಾಸುತ್ತೇನೆ.
ನಿನ್ನೆ ಅದರ ಮೇಲೆ ಬೆಳ್ಳನೆ ಹಿಕ್ಕೆ,
ನಡುವೆ ಒಂದು ಬೀಜ, ಯಾವುದರದ್ದೋ.
ನಲ್ಲಿಗೆ ಹಿಡಿಯದೆ
ಬೇಲಿ ಇದ್ದ ಕಡೆಗೆ ಕೊಡವಿದೆ.