ಅಕ್ಷರಕ್ಕೆ ಐದು ರೂಪಾಯಿ

ಮಾಮೂಲ್‌ಪೇಟೆಯ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಮೂವತ್ತೊಂದು ವರ್ಷದಿಂದ ಕೂತಿದ್ದೇನೆ.
ಅಕ್ಷರಕ್ಕೆ ಐದು ರೂಪಾಯಿ. ಒತ್ತು, ದೀರ್ಘಕ್ಕೆ ಕಾಸಿಲ್ಲ.
ಮದುವೆಯ ಕೊಳಗ, ಗೃಹಪ್ರವೇಶದ ಹಂಡೆ,
ಹಸುಗೂಸಿನ ಬೆಳ್ಳಿ ಒಳಲೆ
ಎಲ್ಲ ನನ್ನ ಉಳಿಯ ಮೂತಿ ದಾಟಿ ಹೋದವು.
ಹೆಸರುಗಳು ಮರೆತಿವೆ. ಕೈಗೆ ಮಾತ್ರ ನೆನಪು:
'ಕ್ಷ್ಮಿ' ಬಂದರೆ ಮಣಿಕಟ್ಟು ಇಂದಿಗೂ ನೋಯುತ್ತದೆ.

ಪಕ್ಕದಲ್ಲಿ, ಮಂಗಳವಾರ ಮಾತ್ರ, ಪೀರಾನ್ ಸಾಬರ ತಿದಿ.
ತವರ, ನವಸಾಗರ, ಒಂದು ಮುಷ್ಟಿ ಹತ್ತಿ.
ಗಿರಾಕಿಗಿಂತ ಈಗ ಹೊಗೆಯೇ ಹೆಚ್ಚು.

ಅಂಥದೊಂದು ಮಂಗಳವಾರ ಬಟ್ಟೆ ಚೀಲ ಹಿಡಿದು ಬಂದಳು
ಜುಮ್ರೆತಾ. ಮನೆ ಕಾಕ್ಸ್‌ಟೌನು, ಹುಟ್ಟೂರು ಸರಾಯೆವೊ.
ಅವಳಿಗೆ ಕನ್ನಡವಿಲ್ಲ, ನಮಗೆ ಇಂಗ್ಲಿಷು ಅಷ್ಟಕ್ಕಷ್ಟೆ.
ಉದ್ದ ಹಿಡಿಯ, ಸಣ್ಣ ಕತ್ತಿನ ತಾಮ್ರದ ಕುಡಿಕೆ ತೆಗೆದು
ಒಳಗಿನ ಹಸಿರು ಕಿಲುಬಿಗೆ ಬೆರಳು ಸವರಿ
'ಕಲಾಯ್' ಅಂದಳು.
ತಿದಿ ನಿಂತಿತು.
'ಹೌದಮ್ಮಾ, ಕಲಾಯಿನೇ.'
ಸಾಬರು ಅವತ್ತು ಬೆಲೆ ಹೇಳುವುದನ್ನೇ ಮರೆತರು.

ಕೆಂಡ ಕಾಯುವ ತನಕ ಮಾತು. ಶೆಟ್ಟರ ಸೊಸೆ ಸುಗುಣ ನಡುವೆ.
ತವಾ ಅವರಿಗೂ ತವಾ. ಪಿಂಗಾಣಿ ಬಟ್ಟಲು ಫಿಂಜಾನ್.
ಬೋಗುಣಿ ತೆಂಜೆರಾ, ಹರಿವಾಣ ತೆಪ್ಸಿಯಾ.
ಶಿವಾಜಿನಗರದಲ್ಲಿ ರುಮಾಲಿ ರೊಟ್ಟಿ ಬೇಯುವ ಬೋರಲು ಬಾಣಲೆಗೆ
ತುರ್ಕಿಯವರು ಸಾಚ್ ಅನ್ನುತ್ತಾರಂತೆ, ಬೆನ್ನ ಮೇಲೆ ರೊಟ್ಟಿ, ಅಡಿಗೆ ಉರಿ.
ಅವಳ ಊರಲ್ಲಿ ಅದೇ ಸಾಚ್ ಮುಚ್ಚಳ:
ಒಳಗೆ ಮಾಂಸ, ನೆತ್ತಿಯ ಮೇಲೆ ಕೆಂಡ.

ಈ ಕುಡಿಕೆ ಕಾಫಿಗೆ. ಜೆಜ್ವಾ.
ಮೇಲಿನ ಮಹಡಿಯ ಇಸ್ತಾಂಬುಲಿನವಳು, ನಿಲ್‌ಗುನ್, ಜೆಜ್ವೆ ಅನ್ನುತ್ತಾಳೆ,
ತಣ್ಣೀರಿಗೇ ಪುಡಿ, ಸಕ್ಕರೆ ಸುರಿದು ಒಲೆಗಿಡುತ್ತಾಳೆ.
ಇವಳು ನೀರು ಕುದ್ದ ಮೇಲೆ ಪುಡಿ ಹಾಕುವವಳು.
ಅಷ್ಟಕ್ಕೇ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ.
ನಗು ಬರಲಿಲ್ಲ ನನಗೆ. ನಮ್ಮವ್ವನ ಚೆಂಬನ್ನು
ಧಾರವಾಡದ ಅತ್ತಿಗೆ ಚರಿಗಿ ಅಂತ ತಿದ್ದಿ
ಒಂದು ಯುಗಾದಿ ಕೆಟ್ಟೇ ಹೋಗಿತ್ತು.

ಹತ್ತಿಯ ಹಿಂದೆ ಬೆಳ್ಳಗೆ ಓಡಿತು ತವರ.
ಇದು ತವರ, ತವರು ಅಂದರೆ ಬೇರೆ, ಎಂದು
ಸುಗುಣ ಇಂಗ್ಲಿಷಿನಲ್ಲಿ ಶುರುಮಾಡಿ
ಅರ್ಧಕ್ಕೇ ಬಿಟ್ಟಳು.

ತಳದ ಮಸಿ ಉಜ್ಜಿದಾಗ ಬಳ್ಳಿಯಂಥ ಗೆರೆ ಕಂಡಿತು.
ಬರೀ ಹೂಬಳ್ಳಿ ಅಂದಳು, ಚಿಕ್ಕಂದಿನಿಂದ ನೋಡಿದ್ದೇನೆ.
ಟ್ಯಾನರಿ ರಸ್ತೆಯ ಮದರಸಾದಲ್ಲಿ ಏಟು ತಿಂದು ಕಲಿತ ಸಾಬರು
ಕನ್ನಡಕ ಏರಿಸಿ, ಬಲದಿಂದ ಎಡಕ್ಕೆ ಓದಿದರು:
'ಹನೀಫ಼ಾ. ಸನ್ ಸಾವಿರದ ಮುನ್ನೂರ ಹನ್ನೆರಡು.'

ಯಾರು ಹನೀಫ಼ಾ?
ಅಜ್ಜಿಯ ಹೆಸರು ಆಲ್ಮಾಸಾ. ಅಜ್ಜಿಯ ತಾಯಿ ಫಾತಾ.
ಬೆರಳು ಮಡಚಿ ಮಡಚಿ ಎಣಿಸಿದಳು, ಸಿಗಲಿಲ್ಲ.
ಸಂತೆಯಲ್ಲಿ ಕೊಂಡದ್ದೋ, ಯಾರೋ ಓಡುವಾಗ ಬಿಟ್ಟದ್ದೋ,
ಪಕ್ಕದ ಮನೆಯಿಂದ ಎರವಲು ತಂದು
ಕೊಡದೆ ಉಳಿದದ್ದೋ.
ಎರವಲು ಪಾತ್ರೆ ಉಳಿಯದ ಮನೆ ಎಲ್ಲಿದೆ?
ಅದರಿಂದಲೇ ತಾನೆ ನನ್ನ ಅನ್ನ.

'ನಿಮ್ಮ ಹೆಸರು ಕೊರೆಯಲೇ?' ಕೇಳಿದೆ.
ತಲೆಯಾಡಿಸಿದಳು, ಬೇಡ.
ಬಳ್ಳಿಯ ಮೇಲೆ ಬೆರಳಿಟ್ಟು, ಆಮೇಲೆ
ನನ್ನ ಬೋರ್ಡಿನ ಕನ್ನಡದ ಮೇಲೆ ಇಟ್ಟಳು.

ಹ. ನೀ. ಫ಼ಾ.
ಹಳೆ ತಾಮ್ರ ಮೆತ್ತಗೆ, ಉಳಿ ಜಾರುತ್ತದೆ,
ತಟ್ಟುವಾಗ ಉಸಿರು ಹಿಡಿಯಬೇಕು.
ಚುಕ್ಕೆ ಹಾಕಲೇ ಅಂದೆ.
'ಹಾಕು, ಇಲ್ಲಾಂದ್ರೆ ಬೇರೆ ಯಾರೋ ಆಗ್ತಾಳೆ,' ಅಂದರು ಸಾಬರು.
ಅವರ ಅಕ್ಷರಕ್ಕೆ ಚುಕ್ಕೆ ನೆತ್ತಿಯ ಮೇಲೆ, ಒಂದು.
ನಮ್ಮದಕ್ಕೆ ಅಡಿಯಲ್ಲಿ, ಎರಡು.

ಹದಿನೈದು ರೂಪಾಯಿ ತೆಗೆದುಕೊಂಡೆ.
ಚುಕ್ಕೆಗೂ ಕಾಸಿಲ್ಲ.