ದುಭಾಷಿಯ ತಪ್ಪು

ದಿನಕ್ಕೆ ಎರಡು ಸಾವಿರ ಶಿಲಿಂಗ್, ಮಧ್ಯಾಹ್ನದ ಊಟ,
ಹೋಗಿಬರಲು ಮೋಟಾರುಬೈಕಿನ ಬಾಡಿಗೆ.
ಕೆಲಸ ಇಷ್ಟೆ: ನೈರೋಬಿಯ ಮಾತು ಗಿರಿಯಾಮಕ್ಕೆ,
ಗಿರಿಯಾಮದ ಸಿಟ್ಟು ನೈರೋಬಿಗೆ.

ಬಾವೊಬಾಬ್ ಮರದಡಿ ನಾನೂರು ಪ್ಲಾಸ್ಟಿಕ್ ಕುರ್ಚಿ,
ಬಾಡಿಗೆಗೆ ತಂದ ಜನರೇಟರು.
ಮೈಕಿಗೆ ಉಸಿರು ಅದರದೇ.
ಕೊಲ್ಲಿಯಿಂದ ಹಡಗೇರಿ ಬಂದ ಡೀಸೆಲ್ ಕುಡಿದು
‘ಇಂಧನ ಸ್ವಾವಲಂಬನೆ’ ಎಂದು ಗುಡುಗುತ್ತಿತ್ತು.
ಯಾರೂ ನಗಲಿಲ್ಲ. ನಾನೂ.

ಇಂಜಿನಿಯರ್ ಕೆರುಬೊ ಎದ್ದಳು. ಕೆಟ್ಟವಳಲ್ಲ.
ಕೈಯ ಕಾಗದ ಮಡಿಚಿಟ್ಟು ಹೇಳಿದಳು:
“ನನ್ನ ತಮ್ಮ ಹುಟ್ಟಿದ ರಾತ್ರಿ
ಆಸ್ಪತ್ರೆಯಲ್ಲಿ ಕರೆಂಟಿರಲಿಲ್ಲ.
ಗಾಜಿನ ಪೆಟ್ಟಿಗೆಯೊಳಗೆ ಅವನು,
ಅವನ ಮಗ್ಗುಲಿಗೆ ಬಿಸಿನೀರಿನ ಬಾಟಲಿ,
ಹೊರಗೆ ಕೂತ ಅವ್ವ.
ಮೊದಲು ಬಾಟಲಿ ತಣ್ಣಗಾಯಿತು.”

ಇದಕ್ಕೆ ದುಭಾಷಿ ಬೇಕಿರಲಿಲ್ಲ.
ನಾನು ಬಾಯಿ ತೆರೆಯುವ ಮೊದಲೇ
ಮುಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು.

ಕಿತುಯಿಯಿಂದ ಬಂದಿದ್ದ ಮ್ವೇಂಡ್ವಾ
ಕರವಸ್ತ್ರ ಬಿಚ್ಚಿ ಕಲ್ಲಿದ್ದಲ ಹೆಂಟೆ ಎತ್ತಿ ತೋರಿಸಿದ.
“ಯುರೇನಿಯಂ ಬರುವುದೂ ಹೊರಗಿಂದ,
ತಕ್ಕಡಿ ಅವರದು, ಬಟ್ಟೂ ಅವರದು.
ಇದು ನಮ್ಮ ಕಾಲಡಿಯದು.
ಹಿತ್ತಲ ಗಿಡ ಮದ್ದಲ್ಲವೇನು?”
ಹೆಂಟೆ ಕೈಯಿಂದ ಕೈಗೆ ದಾಟಿತು;
ತಿರುಗಿ ಬರುವಷ್ಟರಲ್ಲಿ ಎಲ್ಲರ ಬೆರಳೂ ಕಪ್ಪು.
ಮಾತಿನ ನಡುವೆ ಅವನು ಕೆಮ್ಮಿದ್ದನ್ನು
ನಾನು ಅನುವಾದಿಸಲಿಲ್ಲ.
ಅದಕ್ಕೆ ಕೂಲಿ ಗೊತ್ತುಮಾಡಿರಲಿಲ್ಲ.

ಬಲೆಯ ಜೆಫ್ವಾ ಕೇಳಿದ್ದು ಒಂದೇ:
“ನಿಮ್ಮ ಬಿಸಿನೀರು ಕಡಲಿಗಿಳಿದರೆ
ತಾಫಿ ಮೀನು ಎತ್ತ ಹೋಗುತ್ತದೆ?”
ಉತ್ತರ ನಾಲ್ಕು ನಿಮಿಷ ಬಂತು, ನಕ್ಷೆ ಸಮೇತ.
ನಾನಂದೆ: “ಗೊತ್ತಿಲ್ಲವಂತೆ. ಅಳೆಯುತ್ತಾರಂತೆ.”

ಆಮೇಲೆ ಆ ಪದ ಬಂತು.
ಉರಿದು ಮುಗಿದ ಇಂಧನ, ಅಂದಳು ಕೆರುಬೊ,
ಸಾವಿರಾರು ವರ್ಷ ಸುರಕ್ಷಿತ.
ಹಸಿವೋ ಬಿಸಿಲೋ, ನನ್ನ ನಾಲಗೆ ಜಾರಿತು.
“ಕಾವಲಿದೆ” ಅಂದುಬಿಟ್ಟೆ.

ಇದ್ದಿಲು ಸುಡುವ ನ್ಯೇವು ಮುದುಕಿ ಎದ್ದದ್ದು ಆಗಲೇ.
ಒಂದು ಕಣ್ಣನ್ನು ಹೊಗೆಗೆ ಕೊಟ್ಟವಳು.
“ಯಾರ ಕಾವಲು?
ಬೂದಿ ಮುಚ್ಚಿದ ಕೆಂಡವನ್ನು ನನಗೆ ಹೇಳಿಕೊಡಬೇಡ.
ಗುಂಡಿಯ ಮೇಲೆ ಮಣ್ಣೆಳೆದು ಮೂರು ರಾತ್ರಿ ಕೂರುತ್ತೇನೆ,
ನಾಲ್ಕನೆಯ ಬೆಳಗ್ಗೆ ಅಂಗೈಯಿಟ್ಟು ನೋಡುತ್ತೇನೆ.
ನಿನ್ನ ಗುಂಡಿಯ ಮೇಲೆ ಅಂಗೈಯಿಡುವವರು
ಯಾರ ಮಕ್ಕಳು?
ನಮ್ಮಜ್ಜನ ಹೆಸರಲ್ಲಿ ಕೆತ್ತಿ ನೆಟ್ಟ ಕಿಗಾಂಗೊ,
ಬರೀ ಮರದ ಕಂಬ,
ಅದನ್ನೂ ಕದ್ದೊಯ್ದರು.
ಕಡಲಾಚೆ ಯಾರದೋ ಪಡಸಾಲೆಯಲ್ಲಿ
ಅದಕ್ಕೆ ಕೋಟು ನೇತುಹಾಕುತ್ತಾರಂತೆ.
ಇಡೀ ಊರು ಕೂಡಿ ಒಂದು ಕಂಬ ಕಾಯಲಾಗಲಿಲ್ಲ, ಮಗಳೇ,
ನಲವತ್ತು ವರ್ಷ.”

ಏನಂದಳು? ಎಂಬಂತೆ ಕೆರುಬೊ ನನ್ನತ್ತ ನೋಡಿದಳು.
ಅಷ್ಟರಲ್ಲಿ ಜನರೇಟರು ಎರಡು ಸಲ ಬಿಕ್ಕಿ ನಿಂತಿತು.
ಹುಡುಗನೊಬ್ಬ ಕ್ಯಾನು ಬೋರಲು ಮಾಡಿ ತೋರಿಸಿದ.
ಆ ಸದ್ದಿಲ್ಲದ ಸದ್ದಿನಲ್ಲಿ ಕಡಲು ಕೇಳಿಸಿತು,
ಬೆಳಗಿನಿಂದ ಅಲ್ಲೇ ಇತ್ತು.
ಅವಳ ಕಿವಿಯ ಹತ್ತಿರ, ಒಂದು ಮಾತೂ ಬಿಡದೆ ಹೇಳಿದೆ,
ನನ್ನ ತಪ್ಪೊಂದನ್ನು ಬಿಟ್ಟು.
ಅವಳು ಏನೋ ಬರೆದಳು, ಗೀಟು ಹಾಕಿದಳು,
ಮತ್ತೆ ಅದನ್ನೇ ಬರೆದಳು.

ರಾತ್ರಿ ನಮ್ಮ ಒಲೆಯಲ್ಲಿ ನ್ಯೇವುವಿನದೇ ಇದ್ದಿಲು.
ಮಗ ಫೋನಿನ ಬೆಳಕಿಗೆ ಮಗ್ಗಿ ಬರೆಯುತ್ತಿದ್ದ;
ಶೇಕಡಾ ಏಳು ಉಳಿದಿದೆ, ಬೇಗ ಹೇಳು, ಒಂಬತ್ತೆಂಟಲೆ ಎಷ್ಟು?
“ಯಾರು ಗೆದ್ದರು?” ಅಂದಳು ಹೆಂಡತಿ.
ಶಿಲಿಂಗ್ ಎಣಿಸಿ ಅವಳ ಕೈಗಿಟ್ಟೆ.

ಸುರಕ್ಷಿತ ಎನ್ನಲು ನಮ್ಮಲ್ಲಿ ಬೇರೆ ಪದವಿತ್ತು.
ಅಜ್ಜಿ ಬಳಸುತ್ತಿದ್ದಳು, ಬಾಗಿಲು ಹಾಕುವಾಗ.
ಬೆಳಗಿನವರೆಗೂ ಹುಡುಕಿದೆ,
ನೆನಪಾಗಲಿಲ್ಲ.